ಘಟ್ಟದ ಅರ್ಧದಲ್ಲಿ ನಿಲ್ಲುವ 1986ರ ಪದ್ಮಿನಿ: ಪಂಪಾ, ಕಾಯಿಲಾ?

ಕೋಡಿಬಾಗ್_ಅಕ್ಕೋರು (ಕಾರವಾರ):

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರೋದು 1986ರ ಪ್ರೀಮಿಯರ್ ಪದ್ಮಿನಿ. ನಮ್ಮ ಮನೆಯಲ್ಲಿ ಅದಕ್ಕೆ ಫಿಯೆಟ್ ಅಂತಲೇ ಹೆಸರು. ಅಪ್ಪ ಕೊಂಡದ್ದು. ಸ್ಟೀರಿಂಗ್ ಪಕ್ಕದ ಗೇರ್, ಮುಂದೆ ಉದ್ದಕ್ಕೆ ಒಂದೇ ಸೀಟು, ತಿಳಿ ನೀಲಿ ಬಣ್ಣ. ಅಪ್ಪ ಈ ಕಾರಿಗೆಂದೇ ಒಂದು ನೋಟ್‌ಬುಕ್ ಇಟ್ಟಿದ್ದರು. ಆಯಿಲ್ ಬದಲಿಸಿದ್ದು, ಪ್ಲಗ್ ಕ್ಲೀನ್ ಮಾಡಿದ್ದು, ಟೈರ್ ಹಾಕಿಸಿದ್ದು ಎಲ್ಲ ತಾರೀಕು, ಕಿಲೋಮೀಟರ್ ಸಮೇತ ಇದೆ. ಅವರು ತೀರಿಕೊಂಡ ಮೇಲೆ ಅದೇ ಬುಕ್ಕಿನಲ್ಲಿ ನಾನು ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮೆಕ್ಯಾನಿಕ್ ಕೆಲಸ ಯಾರೂ ಕೂರಿಸಿ ಹೇಳಿಕೊಟ್ಟಿದ್ದಲ್ಲ. ಚಿಕ್ಕವಳಿದ್ದಾಗ ಅಪ್ಪ ಬಾನೆಟ್ ತೆಗೆದರೆ ಟಾರ್ಚ್ ಹಿಡಿಯುವ ಕೆಲಸ ನನ್ನದಾಗಿತ್ತು. ನೋಡಿ ನೋಡಿ ಕಲಿತೆ. ಈಗ ಆಯಿಲ್, ಪ್ಲಗ್, ಪಾಯಿಂಟ್ (ಕಿಡಿಗಾಗಿ ಕರೆಂಟ್ ಕೂಡಿಸಿ ಕಡಿಯುವ ಸಣ್ಣ ಸ್ವಿಚ್), ಕಾರ್ಬುರೇಟರ್ ಕ್ಲೀನಿಂಗ್, ಫ್ಯಾನ್ ಬೆಲ್ಟ್ ಇವೆಲ್ಲ ನಾನೇ ಮಾಡುತ್ತೇನೆ. ಬ್ರೇಕ್ ಒಳಗೆ ಕೈ ಹಾಕಲು ಇನ್ನೂ ಧೈರ್ಯ ಬಂದಿಲ್ಲ.

ಸಮಸ್ಯೆ ಹೇಳ್ತೇನೆ. ನನ್ನ ತಂಗಿಯ ಮನೆ ಶಿರಸಿಯಲ್ಲಿ. ಕಾರವಾರದಿಂದ ಅಂಕೋಲಾ, ಕುಮಟಾ ತನಕ ಗಾಡಿ ಚೆನ್ನಾಗಿ ಓಡುತ್ತದೆ. ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತಲು ಶುರು ಮಾಡಿ, ಸೆಕೆಂಡ್ ಗೇರಿನಲ್ಲಿ ಕೆಲವು ತಿರುವು ಮೇಲೆ ಹೋದ ಹಾಗೆ ಮಿಸ್ಸಿಂಗ್ ಶುರುವಾಗುತ್ತದೆ. ಎರಡು ಮೂರು ಸಲ ಜರ್ಕ್ ಹೊಡೆದು ಬಂದ್. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತದೆ. ಇಳಿಯುವಾಗ ತೊಂದರೆ ಇಲ್ಲ. ಹೈವೇಯಲ್ಲೂ ಇಲ್ಲ. ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ಇರುತ್ತದೆ, ರೇಡಿಯೇಟರ್ ನೀರೂ ಸರಿ ಇದೆ.

ಇಷ್ಟರ ತನಕ ಮಾಡಿದ್ದು: ಹೊಸ ಪ್ಲಗ್, ಹೊಸ ಪೆಟ್ರೋಲ್ ಫಿಲ್ಟರ್, ಕಾರ್ಬುರೇಟರ್ ಬಿಚ್ಚಿ ಜೆಟ್ ಎಲ್ಲ ಊದಿದ್ದು, ಪಾಯಿಂಟ್ ಗ್ಯಾಪ್ ಫೀಲರ್ ಗೇಜ್ ಇಟ್ಟು 0.45 ಮಿಲಿಮೀಟರಿಗೆ ಸೆಟ್ ಮಾಡಿದ್ದು. ಇದಕ್ಕೂ ಮೊದಲು ಸೆಲ್ಫ್ ಮತ್ತು ವೈರಿಂಗ್ ಕೆಲಸಕ್ಕೆ ಒಂದು ಗ್ಯಾರೇಜಿಗೆ ಬಿಟ್ಟಿದ್ದೆ. ಅಲ್ಲಿ ಕಾಯಿಲ್ (ಪ್ಲಗ್ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಡಬ್ಬಿ) ಕೂಡ ಹೊಸದು ಹಾಕಿ ಕೊಟ್ಟರು.

ಸಲಹೆಗಳಿಗೆ ಕೊರತೆ ಇಲ್ಲ. ಒಬ್ಬರು ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಹಾಕಿ ಅಂದರು. ಇನ್ನೊಬ್ಬರು ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿ ಅಂದರು. ನೆಂಟರೊಬ್ಬರು, ಎಥೆನಾಲ್ ಸೇರಿದ ಪೆಟ್ರೋಲಿಗೆ ಈ ಗಾಡಿ ಆಗೋದಿಲ್ಲ, ಗುಜರಿಗೆ ಕೊಡು ಅಂದರು. ಗುಜರಿ ಮಾತು ನನ್ನ ಹತ್ತಿರ ಬೇಡ. ಕಾರಣ ಏನು ಅಂತ ತಿಳಿದ ಮೇಲೆ ಸಾಮಾನು ತರೋಣ ಅಂತ ನನ್ನ ಆಸೆ.

ಇನ್ನೂ ಎರಡು ವಿಷಯ ಇವೆ. ನಮ್ಮ ಮನೆಯಿಂದ ಒಂದು ಕಡೆ ಕಾಳಿ ನದಿ, ಇನ್ನೊಂದು ಕಡೆ ಸಮುದ್ರ. ಡ್ರೈವರ್ ಮ್ಯಾಟ್ ಎತ್ತಿದರೆ ಕೆಳಗೆ ತುಕ್ಕು, ಬಾಗಿಲ ಕೆಳಗಿನ ಪಟ್ಟಿಯಲ್ಲಿ ಜ್ಯಾಕ್ ಇಡುವ ಹತ್ತಿರ ಪೇಂಟ್ ಉಬ್ಬಿದೆ. ಮತ್ತೆ ಮಳೆ ಬಂದ ಮರುದಿನ ಬೆಳಿಗ್ಗೆ ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ತಿಳಿದವರು ದಯವಿಟ್ಟು ಹೇಳಿ.

ಅಂಕೋಲಾ_ರೈಡರ್:

ಅಕ್ಕೋರೆ, ನನ್ನ ಚಿಕ್ಕಪ್ಪನ ಫಿಯೆಟ್‌ನಲ್ಲೂ ಹೀಗೇ ಆಗ್ತಿತ್ತು, ಅರಬೈಲ್ ಘಟ್ಟದಲ್ಲಿ. ಎಲೆಕ್ಟ್ರಿಕ್ ಪಂಪ್ ಹಾಕಿಸಿದ ಮೇಲೆ ಆರಾಮ. ಇಂಜಿನ್ ಬಿಸಿಗೆ ಪಂಪಿನಲ್ಲೇ ಪೆಟ್ರೋಲ್ ಆವಿ ಆಗುತ್ತದೆ, ಆವಿಯನ್ನು ಪಂಪ್ ಎಳೆಯೋದಿಲ್ಲ. ಹಾಕಿಸಿಬಿಡಿ, ತಲೆಬಿಸಿ ಹೋಗುತ್ತದೆ.

ಸೋಂದಾ_ಫಿಯೆಟ್ (ಶಿರಸಿ):

ತಂಗಿ, ನಾನು ಸೋಂದಾದವನು, ಅಡಿಕೆ ತೋಟ ನನ್ನ ಕಸುಬು. ನನ್ನ ಹತ್ತಿರವೂ ಪದ್ಮಿನಿಯೇ ಇರೋದು, ನಿನ್ನದಕ್ಕಿಂತ ಹಳೆಯದು. ತೋಟದ ಕೆಲಸ ಇಲ್ಲದ ದಿನ ನಾನು ಅದರ ಕೆಳಗೇ ಇರುತ್ತೇನೆ.

ಅಂಕೋಲಾದ ತಮ್ಮ ಹೇಳಿದ್ದು ಆಗೋ ಮಾತೇ. ಆದರೆ ಈಗಲೇ ಪಂಪ್ ತರಬೇಡ. ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಹೊರಡುವ ಪೆಟ್ರೋಲ್ ಗಾಡಿಗೆ ಕಾರಣ ಮೂರು ನಾಲ್ಕು ಇರುತ್ತವೆ. ಪಂಪಿನಲ್ಲಿ ಆವಿ ಕಟ್ಟೋದು ಒಂದು. ಕಾಯಿಲ್ ಬಿಸಿಯಾಗಿ ಸೋಲೋದು ಇನ್ನೊಂದು. ಡೆಲ್ಕೋ, ಅಂದರೆ ಕಿಡಿಯನ್ನು ಒಂದೊಂದು ಪ್ಲಗ್‌ಗೂ ಹಂಚುವ ಡಿಸ್ಟ್ರಿಬ್ಯೂಟರ್, ಅದರ ಒಳಗಿನ ಕಂಡೆನ್ಸರ್ ಮೂರನೆಯದು. ಟ್ಯಾಂಕಿನ ಮುಚ್ಚಳಕ್ಕೆ ಗಾಳಿ ಹೋಗುವ ದಾರಿ ಕಟ್ಟಿದ್ದರೂ ಹೀಗೇ ಆಗಬಹುದು. ಎಲ್ಲದಕ್ಕೂ ಮೇಲ್ನೋಟಕ್ಕೆ ಒಂದೇ ಲಕ್ಷಣ. ಅರ್ಧ ಗಂಟೆ ಕಾದ ಮೇಲೆ ಪರೀಕ್ಷೆ ಮಾಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ನಿಂತ ಆ ಐದು ನಿಮಿಷದಲ್ಲೇ ನೋಡಬೇಕು.

ಹೇಗೆ ಅಂತ ಹೇಳ್ತೇನೆ. ಒಬ್ಬರನ್ನು ಜೊತೆಗೆ ಕರ್ಕೊಂಡು ಹೋಗು, ಸೆಲ್ಫ್ ಹೊಡೆಯಲು ಬೇಕು. ಗಾಡಿ ನಿಂತ ಕೂಡಲೇ ಬದಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಇಡು. ಕೀ ಆಫ್ ಮಾಡು. ಇದು ಮುಖ್ಯ. ಪಾಯಿಂಟ್ ಮುಚ್ಚಿದ ಜಾಗದಲ್ಲಿ ಇಂಜಿನ್ ನಿಂತಿದ್ದರೆ, ಕೀ ಆನ್ ಇರುವಷ್ಟು ಹೊತ್ತೂ ಕಾಯಿಲಿನಲ್ಲಿ ಕರೆಂಟ್ ಹರಿಯುತ್ತಾ ಅದು ಇನ್ನೂ ಬಿಸಿಯಾಗುತ್ತದೆ.

ಮೊದಲು ಟ್ಯಾಂಕಿನ ಮುಚ್ಚಳ ತೆಗೆ. ಉಸ್ ಅಂತ ಗಾಳಿ ಒಳಗೆ ಎಳೆದರೆ ಅಲ್ಲೇ ಉತ್ತರ ಸಿಕ್ಕಿತು. ಇಲ್ಲದಿದ್ದರೆ ಮುಚ್ಚಳ ಹಾಕಿ ಸ್ಪಾರ್ಕ್ ನೋಡು. ಡೆಲ್ಕೋ ಕ್ಯಾಪಿನ ನಡುವಿನ ದಪ್ಪ ವೈರ್ ಎಳೆದು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಅದರ ತುದಿಯನ್ನು ಇಂಜಿನ್ ಬ್ಲಾಕಿನಿಂದ ಐದಾರು ಮಿಲಿಮೀಟರ್ ದೂರ ಇಟ್ಟು ಸೆಲ್ಫ್ ಹೊಡೆಸು. ಚಟ್ ಚಟ್ ಅಂತ ನೀಲಿ ಕಿಡಿ ಬಂದರೆ ಕಾಯಿಲ್ ಸರಿ. ಹಳದಿ ಕಿಡಿ, ಸಣ್ಣ ಕಿಡಿ, ಅಥವಾ ಕಿಡಿಯೇ ಇಲ್ಲ ಅಂದರೆ ಪೆಟ್ರೋಲ್ ಕಡೆ ನೋಡುವ ಅಗತ್ಯ ಸದ್ಯಕ್ಕಿಲ್ಲ.

ಕಿಡಿ ಚೆನ್ನಾಗಿದ್ದರೆ ಮಾತ್ರ ಪೆಟ್ರೋಲ್ ನೋಡೋದು. ಕಾಯಿಲಿನ ಸಣ್ಣ ವೈರ್ ಬಿಚ್ಚಿ ಬದಿಗಿಡು, ಕಿಡಿ ಹಾರಬಾರದು. ಕಾರ್ಬುರೇಟರಿಗೆ ಬರುವ ಪೈಪ್ ಬಿಚ್ಚಿ ಬಾಟಲಿಗೆ ಬಿಡು, ಸೆಲ್ಫ್ ಹೊಡೆಸು. ಪಂಪಿನ ಒಂದೊಂದು ಹೊಡೆತಕ್ಕೂ ಪೆಟ್ರೋಲ್ ಚಿಮ್ಮಬೇಕು. ಬರೀ ಗುಳ್ಳೆ ಬಂದರೆ ಆವಿ ಕಟ್ಟಿದೆ ಅಂತ ಅರ್ಥ. ಕಿಡಿಯ ಪರೀಕ್ಷೆ ಯಾವಾಗಲೂ ಮೊದಲು, ಪೈಪ್ ಬಿಚ್ಚೋದು ಆಮೇಲೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚೆಲ್ಲಿದಾಗ ಕಿಡಿ ಆಡಿಸೋದು ಪ್ರಾಣಕ್ಕೆ ಅಪಾಯ.

ಘಟ್ಟದಲ್ಲಿ ಜನ ಒದ್ದೆ ಬಟ್ಟೆ ಹಾಕೋದು ನೋಡಿರುತ್ತೀಯ. ಪಂಪಿಗೂ ಹಾಕಿ, ಕಾಯಿಲಿಗೂ ಹಾಕಿ, ಕಾರ್ಬುರೇಟರಿಗೂ ನೀರು ಹೊಡೆಯುತ್ತಾರೆ. ಗಾಡಿ ಹೊರಡುತ್ತದೆ, ಯಾವುದರಿಂದ ಅಂತ ಮಾತ್ರ ಗೊತ್ತಾಗೋದಿಲ್ಲ. ಒಂದು ಸಲಕ್ಕೆ ಒಂದೇ.

ಈಗ ನನ್ನ ಸಂಶಯ ಹೇಳ್ತೇನೆ. ಗ್ಯಾರೇಜಿನಲ್ಲಿ ಹೊಸ ಕಾಯಿಲ್ ಹಾಕಿದರು ಅಂತ ನೀನು ಬರೆದ ಒಂದು ಸಾಲಿನ ಮೇಲೆ ನನಗೆ ಕಣ್ಣು. 12 ವೋಲ್ಟಿನ ಗಾಡಿಗೆ ಎರಡು ಥರದ ಕಾಯಿಲ್ ಬರುತ್ತವೆ. ಒಂದು ನೇರ 12 ವೋಲ್ಟಿಗೆ ಮಾಡಿದ್ದು, ಅದರ ಒಳಗಿನ ಪ್ರೈಮರಿ ಸುತ್ತು ಸುಮಾರು 3 ಓಮ್. ಇನ್ನೊಂದು ಹೊರಗೆ ಬ್ಯಾಲಸ್ಟ್ ರೆಸಿಸ್ಟರ್ (ಕರೆಂಟನ್ನು ಮಿತಿಯಲ್ಲಿಡುವ ತುಂಡು) ಇಟ್ಟು ನಡೆಸುವಂಥದ್ದು, ಅದು ಸುಮಾರು 1.5 ಓಮ್. ಹೊರಗಿಂದ ನೋಡಿದರೆ ಎರಡೂ ಒಂದೇ ಡಬ್ಬಿ. ಎರಡನೆಯದನ್ನು ರೆಸಿಸ್ಟರ್ ಇಲ್ಲದೆ ನೇರ ಹಾಕಿದರೆ ಕರೆಂಟ್ ಎರಡರಷ್ಟು ಹರಿಯುತ್ತದೆ. ಊರೊಳಗೆ ಓಡಾಡುವಾಗ ತಿಳಿಯೋದೇ ಇಲ್ಲ. ಘಟ್ಟದಲ್ಲಿ ಗಾಡಿ ನಿಧಾನ, ಬಾನೆಟ್ ಒಳಗೆ ಗಾಳಿ ಕಡಿಮೆ, ಆಕ್ಸಿಲರೇಟರ್ ಪೂರ್ತಿ ಒತ್ತಿರುತ್ತೇವೆ. ಆಕ್ಸಿಲರೇಟರ್ ಒತ್ತಿದಷ್ಟೂ ಸಿಲಿಂಡರಿನಲ್ಲಿ ಒತ್ತಡ ಜಾಸ್ತಿ, ಆ ಒತ್ತಡದಲ್ಲಿ ಪ್ಲಗ್ ಕಿಡಿ ಹಾರಬೇಕಾದರೆ ವೋಲ್ಟೇಜೂ ಜಾಸ್ತಿ ಬೇಕು. ಸೋತ ಕಾಯಿಲ್ ಅಲ್ಲೇ ಕೈ ಕೊಡೋದು. ಇಳಿಯುವಾಗ ಕಾಲು ತೆಗೆದಿರುತ್ತೇವೆ, ಅದಕ್ಕೇ ತೊಂದರೆ ಇಲ್ಲ.

ಮಲ್ಟಿಮೀಟರ್ ಇದೆಯಾ? ಶಾಲೆಯ ಲ್ಯಾಬಿನಲ್ಲಿ ಇದ್ದೇ ಇರುತ್ತದೆ. ಕಾಯಿಲಿನ ಎರಡೂ ಸಣ್ಣ ವೈರ್ ಬಿಚ್ಚಿ, 200 ಓಮ್ ರೇಂಜಿನಲ್ಲಿಟ್ಟು ಅಳೆ. ಮೊದಲು ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ ಎಷ್ಟು ತೋರಿಸುತ್ತದೆ ನೋಡಿಕೋ, ಅದನ್ನು ಕಳೆಯಬೇಕು. ಹತ್ತಿರದಲ್ಲಿ ಬಿಳಿ ಪಿಂಗಾಣಿಯ ಸಣ್ಣ ಇಟ್ಟಿಗೆಯ ಹಾಗಿನದು ಏನಾದರೂ ಇದ್ದರೆ ಅದೇ ರೆಸಿಸ್ಟರ್.

ಕೋಡಿಬಾಗ್_ಅಕ್ಕೋರು:

ಅಣ್ಣಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಮೀಟರ್ ತಂದು ಈಗಷ್ಟೇ ಅಳೆದೆ. ಕಡ್ಡಿ ತಾಗಿಸಿದರೆ 0.3. ಕಾಯಿಲ್ 1.9. ಅಂದರೆ 1.6 ಓಮ್! ಬಿಳಿ ಪಿಂಗಾಣಿಯದು ಎಲ್ಲೂ ಇಲ್ಲ. ಓಮ್ ನಿಯಮ ಪ್ರತಿ ವರ್ಷ ಬೋರ್ಡಿನಲ್ಲಿ ಬರೆಯುತ್ತೇನೆ. 12 ಭಾಗಿಸು 1.6, ಏಳೂವರೆ ಆಂಪಿಯರ್. ಇರಬೇಕಾದದ್ದು 4. ಪಾಯಿಂಟ್ ಇಷ್ಟು ಬೇಗ ನೀಲಿ ಬಣ್ಣಕ್ಕೆ ತಿರುಗಿ ಸುಟ್ಟ ಹಾಗೆ ಆಗೋದು ಯಾಕೆ ಅಂತಲೂ ಈಗ ಗೊತ್ತಾಯಿತು. ಹುಬ್ಬಳ್ಳಿಯಿಂದ 3 ಓಮಿನ ಕಾಯಿಲ್ ತರಿಸುತ್ತೇನೆ. ಆದರೆ ಬದಲಿಸುವ ಮೊದಲು ಒಮ್ಮೆ ಘಟ್ಟದಲ್ಲೇ ಪರೀಕ್ಷೆ ಮಾಡಿ ನೋಡಬೇಕು.

ಬೈತಖೋಲ್_ಡೀಸೆಲ್ (ಕಾರವಾರ):

ನಾನು ಬಂದರಿನಲ್ಲಿ ಬೋಟಿನ ಇಂಜಿನ್ ಕೆಲಸ ಮಾಡುವವನು. ಕಾರಿನ ಇಗ್ನಿಷನ್ ನನಗೆ ದೂರ, ಉಪ್ಪು ಮತ್ತು ತುಕ್ಕು ನನ್ನ ದಿನದ ಕೆಲಸ. ಅದರ ಬಗ್ಗೆ ಹೇಳ್ತೇನೆ.

ಅಕ್ಕೋರೆ, ಕಾಯಿಲ್ ಇವತ್ತಲ್ಲ ನಾಳೆ ಸಿಗುತ್ತದೆ. ಬಾಡಿ ಹೋದರೆ ಫಿಯೆಟ್ ಹೋಯಿತು. ಈ ಕಾರಿಗೆ ಲಾರಿ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ, ಇವೇ ಸೇರಿ ಚಾಸಿ. ಜ್ಯಾಕ್ ಹತ್ತಿರ ಪೇಂಟ್ ಉಬ್ಬಿದೆ ಅಂದರೆ ಒಳಗಿಂದ ತಿಂದುಕೊಂಡು ಬಂದಿದೆ. ಮೇಲೆ ಉಜ್ಜಿ ಪೇಂಟ್ ಹೊಡೆದು ಬಿಡಬೇಡಿ. ದಪ್ಪ ಸ್ಕ್ರೂಡ್ರೈವರ್ ತಗೊಂಡು ಒತ್ತಿ ನೋಡಿ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಗಟ್ಟಿ ತಗಡಿನ ಶಬ್ದ ಬೇರೆ, ಸತ್ತ ತಗಡಿನ ಶಬ್ದ ಬೇರೆ. ಹೋದ ಜಾಗಕ್ಕೆಲ್ಲ ಚಾಕ್‌ಪೀಸಿನಲ್ಲಿ ಗುರುತು ಹಾಕಿ.

ಟಿಂಕರಿಂಗ್ ಅಂಗಡಿಯಲ್ಲಿ ಫೈಬರ್ ಹಾಳೆ, ಎಂ-ಸೀಲ್ ಹಾಕಿ ಮುಚ್ಚಿ ಕೊಡ್ತೇವೆ ಅಂದರೆ ಬೇಡ ಅನ್ನಿ. ಸತ್ತ ತಗಡು ಪೂರ್ತಿ ಕತ್ತರಿಸಿ, ಹದಿನೆಂಟು ಗೇಜಿನ ಹೊಸ ತಗಡು ವೆಲ್ಡ್ ಮಾಡಿಸಬೇಕು. ಒಂದು ಬದಿಯ ಪಟ್ಟಿ ಇಡೀ ಒಮ್ಮೆಗೇ ಕತ್ತರಿಸಲು ಬಿಡಬೇಡಿ, ಬಾಡಿ ಬಾಗುತ್ತದೆ. ಸ್ವಲ್ಪ ಕತ್ತರಿಸೋದು, ವೆಲ್ಡ್ ಮಾಡೋದು, ಬಾಗಿಲು ಮೊದಲಿನ ಹಾಗೆ ಮುಚ್ಚುತ್ತದಾ ನೋಡೋದು, ಮತ್ತೆ ಮುಂದೆ ಹೋಗೋದು. ವೆಲ್ಡಿಂಗ್ ಮೊದಲು ಬ್ಯಾಟರಿ ವೈರ್ ಬಿಚ್ಚಿಸಿ, ಮ್ಯಾಟ್, ಸೀಟು ಹೊರಗೆ ತೆಗೆಸಿ, ಪೆಟ್ರೋಲ್ ಪೈಪ್ ಎಲ್ಲಿ ಹೋಗಿದೆ ಅಂತ ನೋಡಿಕೊಳ್ಳಿ.

ವೆಲ್ಡ್ ಮಾಡಿದ ಜಾಗದ ಒಳಮುಖದಲ್ಲಿ ಪೇಂಟ್ ಸುಟ್ಟು ಹೋಗಿರುತ್ತದೆ. ಅದು ಯಾರ ಕಣ್ಣಿಗೂ ಬೀಳೋದಿಲ್ಲ. ಮುಂದಿನ ಮಳೆಗಾಲದಲ್ಲಿ ತುಕ್ಕು ಅಲ್ಲಿಂದಲೇ ಶುರು. ಪಟ್ಟಿಯ ತೂತಿನಿಂದ ಉದ್ದ ನಳಿಕೆಯಲ್ಲಿ ಕ್ಯಾವಿಟಿ ವ್ಯಾಕ್ಸ್ ಸ್ಪ್ರೇ ಮಾಡಿಸಿ. ಹೊರಗೆ ಝಿಂಕ್ ಪ್ರೈಮರ್, ಆಮೇಲೆ ಪೇಂಟ್. ತುಕ್ಕಿನ ಮೇಲೆ ಹಾಗೇ ಡಾಂಬರಿನಂಥ ಕಪ್ಪು ಕೋಟಿಂಗ್ ಬಳಿಯುವವರು ಬಹಳ ಜನ ಇದ್ದಾರೆ. ಹೊರಗಿಂದ ಚೆಂದ ಕಾಣುತ್ತದೆ, ಒಳಗೆ ನೀರು ಹಿಡಿದಿಟ್ಟುಕೊಂಡು ತಗಡು ಪುಡಿಯಾಗುತ್ತದೆ.

ಇನ್ನೊಂದು ವಿಷಯ. ಕಾರು ಶೆಡ್ಡಿನಲ್ಲೇ ಇದೆ, ಮಳೆಗೆ ನೆನೆಯೋದಿಲ್ಲ, ಆದರೂ ತುಕ್ಕು ಯಾಕೆ ಅಂತ ಜನ ಕೇಳ್ತಾರೆ. ಗಾಳಿಯಲ್ಲಿ ತೇವ ಸುಮಾರು ಶೇಕಡಾ 75 ದಾಟಿದರೆ ಉಪ್ಪು ತಾನಾಗಿಯೇ ನೀರು ಎಳೆದುಕೊಂಡು ಕರಗುತ್ತದೆ. ನಮ್ಮ ಕರಾವಳಿಯಲ್ಲಿ ಅಷ್ಟು ತೇವ ಇರೋದು ಮಳೆಗಾಲದಲ್ಲಿ ಮಾತ್ರ ಅಲ್ಲ, ಎಷ್ಟೋ ರಾತ್ರಿ ಬೇಸಿಗೆಯಲ್ಲೂ ಇರುತ್ತದೆ. ತಗಡಿನ ಮೇಲೆ ಉಪ್ಪು ಕೂತಿದ್ದರೆ ಸಾಕು, ಮಳೆ ಬೇಕಾಗಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಅಡಿಭಾಗ, ಚಕ್ರದ ಕಮಾನು ಸಿಹಿ ನೀರಲ್ಲಿ ತೊಳೆಯಿರಿ. ಸಿಹಿ ನೀರು ಅಂತ ಒತ್ತಿ ಹೇಳ್ತೇನೆ. ಬೇಸಿಗೆಯಲ್ಲಿ ನಮ್ಮ ಕಡೆ ಕೆಲವು ಬಾವಿ ಉಪ್ಪಾಗುತ್ತವೆ, ಆ ನೀರಲ್ಲಿ ತೊಳೆದರೆ ಉಪ್ಪು ಬಳಿದ ಹಾಗೆ. ಬಾಗಿಲ ಕೆಳಗಿನ ನೀರು ಹೋಗುವ ತೂತುಗಳನ್ನು ತಂತಿ ಹಾಕಿ ಬಿಡಿಸಿ. ರಬ್ಬರ್ ಮ್ಯಾಟ್ ಮಳೆಗಾಲ ಮುಗಿಯುವ ತನಕ ತೆಗೆದಿಡಿ. ಪ್ಲಾಸ್ಟಿಕ್ ಕವರ್ ಹೊದಿಸಬೇಡಿ, ಒಳಗೆ ಬೆವರುತ್ತದೆ. ನಾಲ್ಕು ಕಡೆ ಗಾಳಿ ಆಡುವ ತಗಡಿನ ಚಪ್ಪರ ಅದಕ್ಕಿಂತ ಒಳ್ಳೆಯದು.

ಬೋಟಿಗೆ ಹಾಕುವ ಝಿಂಕ್ ತುಂಡು ಕಾರಿಗೂ ಹಾಕಿದರೆ ತುಕ್ಕು ಬರೋದಿಲ್ಲ ಅಂತ ಯಾರೋ ಒಬ್ಬರು ಮಾರಲು ಬರ್ತಾರೆ. ನಂಬಬೇಡಿ. ಆ ಝಿಂಕ್ ಕೆಲಸ ಮಾಡೋದು ಅದೂ ಕಬ್ಬಿಣವೂ ಒಟ್ಟಿಗೆ ನೀರಲ್ಲಿ ಮುಳುಗಿದ್ದಾಗ. ರಸ್ತೆಯ ಮೇಲೆ ನಿಂತ ಕಾರಿಗೆ ಅದರಿಂದ ಏನೂ ಆಗೋದಿಲ್ಲ.

ಕುಮಟಾ_ಲೈನರ್:

ಬ್ರೇಕ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡ್ತೇನೆ ಮೇಡಂ. ಪದ್ಮಿನಿಗೆ ನಾಲ್ಕೂ ಕಡೆ ಡ್ರಮ್. ರಾತ್ರಿ ತೇವಕ್ಕೆ ಡ್ರಮ್ ಒಳಗೆ ತೆಳು ತುಕ್ಕು ಕಟ್ಟುತ್ತದೆ, ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಲೈನರ್ ತೇವ ಹೀರುತ್ತದೆ. ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ನಿಧಾನ ಹೋಗುತ್ತಾ ಬ್ರೇಕ್ ಮೆಲ್ಲಗೆ ಒತ್ತಿ ಬಿಟ್ಟು ಮಾಡಿ. ನಾಲ್ಕೈದು ಸಲ ಒತ್ತಿದ ಮೇಲೆ ಎಳೆತ ಹೋದರೆ ಚಿಂತೆ ಇಲ್ಲ.

ಹೋಗದಿದ್ದರೆ ಡ್ರಮ್ ಬಿಚ್ಚಬೇಕು. ಗಾಡಿ ಎಡಕ್ಕೆ ಎಳೆದರೆ ಎಲ್ಲರೂ ಎಡಗಡೆಯ ಮುಂದಿನ ಚಕ್ರ ಬಿಚ್ಚುತ್ತಾರೆ. ಎಡಗಡೆ ಸರಿಯಾಗೇ ಹಿಡಿಯುತ್ತಿರಬಹುದು, ಬಲಗಡೆಯದು ಹಿಡಿಯದೆ ಇರಬಹುದು. ಬಲಗಡೆ ವೀಲ್ ಸಿಲಿಂಡರ್ (ಲೈನರನ್ನು ಡ್ರಮ್ಮಿಗೆ ಒತ್ತುವುದು ಇದೇ) ಪಿಸ್ಟನ್ ತುಕ್ಕಿಗೆ ಕಚ್ಚಿಕೊಂಡಿದೆಯಾ, ರಬ್ಬರ್ ಬೂಟ್ ಎತ್ತಿದರೆ ಒಳಗೆ ಆಯಿಲ್ ಒಸರಿದೆಯಾ ನೋಡಿ. ಲೈನರ್ ಮೇಲೆ ಬ್ರೇಕ್ ಆಯಿಲ್ ಬಿದ್ದಿದ್ದರೆ ಎರಡೂ ಕಡೆಯ ಲೈನರ್ ಬದಲಿಸಿ, ಒಂದೇ ಕಡೆ ಬದಲಿಸಬೇಡಿ.

ಬ್ರೇಕ್ ಆಯಿಲ್ ಗಾಳಿಯ ನೀರು ಹೀರುವ ವಸ್ತು. ನಮ್ಮ ಕಡೆಯ ಹವೆಗೆ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ ಏರ್ ತೆಗೆಯಬೇಕು. ಸೀಲ್ ಒಡೆದು ಅರ್ಧ ಉಳಿದ ಡಬ್ಬಿ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬೇಡಿ. ಸಿಲಿಂಡರಿನ ರಬ್ಬರ್ ಕಪ್‌ಗಳನ್ನು ಪೆಟ್ರೋಲಿನಲ್ಲಿ ತೊಳೆಯಬಾರದು, ಮಾಮೂಲಿ ಗ್ರೀಸ್ ಹಚ್ಚಬಾರದು. ಎರಡಕ್ಕೂ ರಬ್ಬರ್ ಊದಿಕೊಳ್ಳುತ್ತದೆ. ಡ್ರಮ್ ಒಳಗಿನ ಧೂಳನ್ನು ಬಾಯಿಂದ, ಏರ್ ಪೈಪಿನಿಂದ ಊದಬೇಡಿ. ಹಳೆಯ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಮಾಸ್ಟರ್ ಸಿಲಿಂಡರಿನಿಂದ ನಾಲ್ಕು ಚಕ್ರಕ್ಕೂ ಒಂದೇ ಲೈನ್ ಹೋಗಿದೆಯಾ ನೋಡಿ. ಹಾಗಿದ್ದರೆ ಎಲ್ಲಿ ಒಂದು ಪೈಪ್ ತೂತಾದರೂ ಪೆಡಲ್ ನೆಲಕ್ಕೆ ಹೋಗುತ್ತದೆ. ಉಪ್ಪು ಗಾಳಿಗೆ ಕಬ್ಬಿಣದ ಬ್ರೇಕ್ ಪೈಪನ್ನು ತುಕ್ಕು ಹೊರಗಿಂದ ತಿನ್ನುತ್ತದೆ, ಕ್ಲಿಪ್ಪಿನ ಅಡಿಯಲ್ಲಿ ಜಾಸ್ತಿ. ಪ್ರತಿ ಕ್ಲಿಪ್ ಬಿಚ್ಚಿ ನೋಡಿ. ಘಟ್ಟಕ್ಕೆ ಹೋಗುವ ಗಾಡಿ, ಇದನ್ನು ಮುಂದೂಡಬೇಡಿ. ಮೊದಲ ಸಲ ಬಿಚ್ಚುವಾಗ ಕುಮಟಾಕ್ಕೆ ತನ್ನಿ, ನಾನು ಪಕ್ಕದಲ್ಲಿ ನಿಲ್ಲುತ್ತೇನೆ, ಪಾನಾ ನೀವೇ ಹಿಡಿಯಿರಿ.

ಕೋಡಿಬಾಗ್_ಅಕ್ಕೋರು:

ಎಲ್ಲರಿಗೂ ವರದಿ ಕೊಡಬೇಕು. ಹೊಸ 3 ಓಮಿನ ಕಾಯಿಲ್ ಡಿಕ್ಕಿಯಲ್ಲಿಟ್ಟುಕೊಂಡು, ಹಳೆಯದರಲ್ಲೇ ದೇವಿಮನೆ ಹತ್ತಿದೆವು. ಮಗಳು ಜೊತೆಗಿದ್ದಳು. ಅದೇ ಜಾಗದ ಹತ್ತಿರ ಮಿಸ್ಸಿಂಗ್, ಅದೇ ಜರ್ಕ್, ಬಂದ್. ಕೀ ಆಫ್ ಮಾಡಿ ಟ್ಯಾಂಕಿನ ಮುಚ್ಚಳ ತೆಗೆದೆ, ಗಾಳಿ ಎಳೆಯಲಿಲ್ಲ. ನಡುವಿನ ವೈರ್ ಹಿಡಿದು ಸೆಲ್ಫ್ ಹೊಡೆಸಿದೆ. ಕಿಡಿ ಕಂಡೂ ಕಾಣದ ಹಾಗೆ, ಹಳದಿ. ಕಾಯಿಲ್ ಮುಟ್ಟಲು ಆಗಲಿಲ್ಲ, ಅಷ್ಟು ಬಿಸಿ. ಪೆಟ್ರೋಲ್ ಪೈಪ್ ಬಿಚ್ಚುವ ಅಗತ್ಯ ಇಲ್ಲ ಅಂತ ಅಣ್ಣ ಹೇಳಿದ್ದರು. ಆದರೂ ಖಾತ್ರಿ ಆಗಲಿ ಅಂತ ವೈರ್ ಬಿಚ್ಚಿಟ್ಟು ಬಾಟಲಿಗೆ ಬಿಟ್ಟು ನೋಡಿದೆ, ಪಂಪ್ ಚೆನ್ನಾಗಿ ಚಿಮ್ಮಿಸಿತು. ಪೈಪ್ ಬಿಗಿದು, ಚೆಲ್ಲಿದ್ದು ಒಣಗುವ ತನಕ ಕಾದು, ಹೊಸ ಕಾಯಿಲ್ ಹಾಕಿದೆ. ಮೊದಲ ಸೆಲ್ಫಿಗೇ ಹಿಡಿಯಿತು. ಇಂಜಿನ್ ಇನ್ನೂ ಬಿಸಿಯೇ ಇತ್ತು. ಶಿರಸಿ ತನಕ ಒಂದೇ ಸಮ ಹೋದೆವು.

ಮಾರನೇ ದಿನ ತಂಗಿಯ ಅಂಗಳದಲ್ಲಿ ಪಾಯಿಂಟ್, ಕಂಡೆನ್ಸರ್ ಎರಡೂ ಬದಲಿಸಿ ಗ್ಯಾಪ್ ಸೆಟ್ ಮಾಡಿದೆ. ಅಪ್ಪನ ಬುಕ್ಕಿನಲ್ಲಿ ಕಾಯಿಲಿನ ಓಮ್ ಬರೆದಿಟ್ಟಿದ್ದೇನೆ. ಮುಂದೆ ಯಾರು ಬದಲಿಸಿದರೂ ಅಳೆದೇ ಹಾಕಬೇಕು.

ತುಕ್ಕಿನ ಕೆಲಸ ಶುರು ಮಾಡಿಸಿದ್ದೇನೆ. ಸ್ಕ್ರೂಡ್ರೈವರ್ ಒತ್ತಿದರೆ ಜ್ಯಾಕ್ ಹತ್ತಿರ ಒಳಗೇ ಹೋಯಿತು, ನೋಡಿ ಹೊಟ್ಟೆ ಉರಿಯಿತು. ಬಲಗಡೆಯ ಪಟ್ಟಿ ಮೊದಲು, ಎಡಗಡೆ ಆಮೇಲೆ. ಬ್ರೇಕಿಗೆ ಕುಮಟಾಕ್ಕೆ ಖಂಡಿತ ಬರ್ತೇನೆ.

ಇನ್ನು ಎಥೆನಾಲ್ ಪೆಟ್ರೋಲ್ ವಿಷಯ. ನನ್ನ ಗಾಡಿ ನಿಂತದ್ದಕ್ಕೆ ಅದು ಕಾರಣ ಅಲ್ಲ ಅಂತ ಈಗ ಗೊತ್ತು. ಆದರೆ ಮುಂದೆ ಏನು ಮಾಡೋದು? ಮತ್ತೆ ಆರ್‌ಸಿ ಅವಧಿ ಮುಗಿಯುತ್ತಾ ಬಂತು.

ಸೋಂದಾ_ಫಿಯೆಟ್ (ಶಿರಸಿ):

ಓದಿ ತುಂಬಾ ಖುಷಿಯಾಯಿತು ತಂಗಿ. ಘಟ್ಟದಲ್ಲೇ ನಿಂತು ಪರೀಕ್ಷೆ ಮಾಡಿದೆಯಲ್ಲ, ಅದು ದೊಡ್ಡದು.

ಎಥೆನಾಲ್ ಬಗ್ಗೆ. ಈಗ ಬಂಕಿನಲ್ಲಿ ಬರೋದು ಶೇಕಡಾ 20 ಎಥೆನಾಲ್ ಇರುವ ಪೆಟ್ರೋಲ್. ನಮ್ಮ ಗಾಡಿಗಳು ಮೂಲದಲ್ಲಿ ಫಿಯೆಟ್ 1100 ಡಿ. ಬಾಂಬೆಯ ಕುರ್ಲಾದಲ್ಲಿ 1964ರಿಂದ ಮಾಡಿಕೊಂಡು ಬಂದ ವಿನ್ಯಾಸ. ಆ ಕಾಲದ ರಬ್ಬರಿಗೆ ಎಥೆನಾಲ್ ಗೊತ್ತಿಲ್ಲ. ಪಂಪಿನ ಡಯಾಫ್ರಾಮ್, ರಬ್ಬರ್ ಪೈಪ್ ಮೆತ್ತಗಾಗಿ ಬಿರಿಯುತ್ತವೆ. ಮೊದಲ ಕೆಲಸ ಎಲ್ಲ ಪೆಟ್ರೋಲ್ ಪೈಪ್ ಬದಲಿಸೋದು. ಮೈಮೇಲೆ ಎಸ್‌ಎಇ ಜೆ30 ಆರ್9 ಅಂತ ಬರೆದಿರುವ ಪೈಪ್ ಕೇಳಿ ತಗೋ. ಸ್ವಲ್ಪ ದುಬಾರಿ, ಆದರೆ ಬೆಂಕಿಗಿಂತ ಅಗ್ಗ. ಎಥೆನಾಲ್ ಟ್ಯಾಂಕಿನ ಹಳೆ ಕಸವನ್ನೂ ಎಬ್ಬಿಸುತ್ತದೆ. ಮೊದಲ ಕೆಲವು ತಿಂಗಳು ಫಿಲ್ಟರ್ ಬೇಗ ಬೇಗ ನೋಡುತ್ತಿರು. ಪ್ಲಗ್ ತುದಿ ಬಿಳಿಚಿಕೊಂಡರೆ ಮಿಶ್ರಣ ತೆಳುವಾಗಿದೆ ಅಂತ ಅರ್ಥ, ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಬೇಕಾಗಬಹುದು. ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಲ್ಲಿಸುವುದಾದರೆ ಅರ್ಧ ಟ್ಯಾಂಕ್ ಬಿಡಬೇಡ. ಎಥೆನಾಲ್ ನೀರು ಹೀರುತ್ತದೆ, ಖಾಲಿ ಜಾಗದಲ್ಲಿ ತೇವದ ಗಾಳಿ ತುಂಬುತ್ತದೆ. ಪೂರ್ತಿ ತುಂಬಿಸಿಡು, ಕಾರ್ಬುರೇಟರ್ ಬಟ್ಟಲು ಮಾತ್ರ ಖಾಲಿ ಮಾಡು.

ಪಂಪ್ ಬಿಚ್ಚಿದಾಗ ಅದರ ಮತ್ತು ಬ್ಲಾಕಿನ ನಡುವೆ ಇರುವ ದಪ್ಪ ಫೈಬರ್ ತುಂಡು ಎಸೆಯಬೇಡ. ಇಂಜಿನ್ ಬಿಸಿ ಪಂಪಿಗೆ ಏರದ ಹಾಗೆ ತಡೆಯೋದು ಅದೇ. ಅಲ್ಲಿ ಬರೀ ಕಾಗದದ ಪ್ಯಾಕಿಂಗ್ ಹಾಕಿದ ಗಾಡಿಗಳಲ್ಲೇ ಆವಿ ಕಟ್ಟುವ ತೊಂದರೆ ಜಾಸ್ತಿ. ಅಂಕೋಲಾದ ತಮ್ಮನೂ ಚಿಕ್ಕಪ್ಪನ ಗಾಡಿಯಲ್ಲಿ ಒಮ್ಮೆ ನೋಡಲಿ. ಎಲೆಕ್ಟ್ರಿಕ್ ಪಂಪ್ ಒತ್ತಡ ಜಾಸ್ತಿ ಇದ್ದರೆ ಕಾರ್ಬುರೇಟರಿನ ನೀಡಲ್ ತಡೆಯೋದಿಲ್ಲ, ಪೆಟ್ರೋಲ್ ಉಕ್ಕಿ ಬರುತ್ತದೆ. ಇಂಜಿನ್ ನಿಂತರೆ ಪಂಪೂ ನಿಲ್ಲುವ ರಿಲೇ ಹಾಕಿಸದೆ ಓಡಿಸಬಾರದು.

ಆರ್‌ಸಿ ವಿಷಯ: ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ನವೀಕರಣ. 20 ವರ್ಷ ದಾಟಿದ ಕಾರಿಗೆ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10 ಸಾವಿರ ರೂಪಾಯಿ ಮಾಡಿದ್ದಾರೆ, ಹಸಿರು ತೆರಿಗೆ ಬೇರೆ. ವಿಂಟೇಜ್ ಅಂತ ಬೇರೆ ನೋಂದಣಿ ಇದೆ, 2021ರಲ್ಲಿ ಬಂದ ನಿಯಮ. ಅದಕ್ಕೆ ಗಾಡಿಗೆ 50 ವರ್ಷ ದಾಟಿರಬೇಕು. ನಿನ್ನದಕ್ಕೆ ಇನ್ನೂ ಸಮಯ ಇದೆ. ಅವಧಿ ಮುಗಿಯುವ ಮೊದಲೇ ಕಾರವಾರದ ಆರ್‌ಟಿಓಗೆ ಹೋಗು. ತುಕ್ಕಿನ ವೆಲ್ಡಿಂಗ್, ಬ್ರೇಕ್, ಲೈಟ್ ಎಲ್ಲ ಮುಗಿಸಿಕೊಂಡೇ ಹೋಗು, ಗಾಡಿ ನೋಡಿಯೇ ಸಹಿ ಹಾಕುತ್ತಾರೆ.

ಸಾಮಾನು ಸಿಗುವ ಈ ಹೊತ್ತಿನಲ್ಲೇ ಸ್ವಲ್ಪ ಕೂಡಿಟ್ಟುಕೋ. ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು. ಆ ಟ್ಯಾಕ್ಸಿಗಳು ಇದ್ದುದರಿಂದಲೇ ಅಂಗಡಿಯವರು ಬಿಡಿಭಾಗ ತರಿಸುತ್ತಿದ್ದರು. ವೀಲ್ ಸಿಲಿಂಡರ್ ಕಿಟ್, ಪಂಪ್ ಕಿಟ್, ಡೆಲ್ಕೋ ಕ್ಯಾಪ್, ಪಾಯಿಂಟ್, ವಾಟರ್ ಪಂಪ್, ಗಾಜಿನ ಸುತ್ತಿನ ರಬ್ಬರ್ ಇಷ್ಟು ಮನೆಯಲ್ಲಿರಲಿ. ರಬ್ಬರ್ ಸಾಮಾನು ಬಿಸಿಲು ತಾಗದ ಡಬ್ಬಿಯಲ್ಲಿಡು.

ಮುಂದಿನ ಸಲ ತಂಗಿಯ ಮನೆಗೆ ಬಂದಾಗ ಸೋಂದಾಕ್ಕೂ ಬಾ, ಟ್ಯಾಪೆಟ್ (ಇಂಜಿನ್ ವಾಲ್ವಿನ ಗ್ಯಾಪ್) ಸೆಟ್ ಮಾಡೋದು ತೋರಿಸುತ್ತೇನೆ. ಇಂಜಿನ್ ಪೂರ್ತಿ ತಣ್ಣಗಿರಬೇಕು, ಹಾಗಾಗಿ ಹಿಂದಿನ ದಿನ ಸಂಜೆಯೇ ಬಂದುಬಿಡು. ಫೀಲರ್ ಗೇಜ್ ನಿನ್ನದೇ ತಾ, ನನ್ನದರ ತೆಳು ಪಟ್ಟಿಗಳು ಸವೆದು ಹೋಗಿವೆ.